ಕೋಟೆ ಬಿಟ್ಟ ಕೌಂಟ್, ಮಠದ ಯಜಮಾನ: ಕಾಪೆನ್‌ಬೆರ್ಗಿನ ಒಟ್ಟೊ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಬರ್ಲಿನ್ನಿನ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನಲ್ಲಿ ಒಂದು ಬೆಳ್ಳಿ ಬಟ್ಟಲಿದೆ. ಅಗಲ ಸುಮಾರು 24 ಸೆಂಟಿಮೀಟರ್. ಅದರ ತಳದಲ್ಲಿ ಕೊರೆದ ಚಿತ್ರ ಇಷ್ಟು: ದೀಕ್ಷಾಸ್ನಾನದ ತೊಟ್ಟಿಯೊಳಗೆ ಒಂದು ಮಗು, ಒಂದು ಪಕ್ಕದಲ್ಲಿ ಬಿಷಪ್, ಇನ್ನೊಂದು ಪಕ್ಕದಲ್ಲಿ ಮಗುವನ್ನು ಹಿಡಿದುಕೊಂಡು ನಿಂತ ಒಬ್ಬ ಗೃಹಸ್ಥ. ಇನ್ನೂ ಹಾಲುಹಲ್ಲು ಕಾಣದ ಆ ಕೂಸಿಗೆ ಕೆತ್ತನೆಗಾರ 'ಚಕ್ರವರ್ತಿ ಫ್ರೀಡ್ರಿಕ್' ಎಂದೇ ಹೆಸರು ಬರೆದಿದ್ದಾನೆ. ಹಿಡಿದುಕೊಂಡವನ ಹೆಸರು ಒಟ್ಟೊ, ಅಷ್ಟೇ. ಬಿರುದಿಲ್ಲ, ಬಾವಲಿಯಿಲ್ಲ.

ಮಗು ಮುಂದೆ ಇತಿಹಾಸದಲ್ಲಿ ಫ್ರೀಡ್ರಿಕ್ ಬಾರ್ಬರೋಸಾ ಎಂದು ಹೆಸರಾದವನು. 1152ರಲ್ಲಿ ಜರ್ಮನಿಯ ರಾಜ, 1155ರಲ್ಲಿ ರೋಮಿನಲ್ಲಿ ಪಟ್ಟ ಕಟ್ಟಿಸಿಕೊಂಡ ಚಕ್ರವರ್ತಿ. ಒಟ್ಟೊ ಅವನ ಧರ್ಮಪಿತ, ಅಂದರೆ ದೀಕ್ಷಾಸ್ನಾನದ ಹೊತ್ತಿನಲ್ಲಿ ಮಗುವಿನ ಪರವಾಗಿ ಪ್ರತಿಜ್ಞೆ ಮಾಡಿದವನು. ವೆಸ್ಟ್‌ಫೇಲಿಯಾ ಸೀಮೆಯಲ್ಲಿ, ಈಗಿನ ಡಾರ್ಟ್‌ಮಂಡ್ ಊರಿಗೆ ಉತ್ತರಕ್ಕಿರುವ ಕಾಪೆನ್‌ಬೆರ್ಗ್ ಗುಡ್ಡದ ಕೌಂಟ್ ಮನೆತನಕ್ಕೆ ಸೇರಿದವನು. ಹುಟ್ಟಿದ್ದು 1100ರ ಆಸುಪಾಸು, ತೀರಿಕೊಂಡದ್ದು 1171ರ ಜನವರಿಯಲ್ಲಿ. ಬದುಕಿನ ಕೊನೆಯ 15 ವರ್ಷ, ತನ್ನ ಮನೆತನದ ಕೋಟೆಯಿದ್ದ ಗುಡ್ಡದ ಮೇಲೇ ಎದ್ದ ಮಠಕ್ಕೆ ಆತ ಪ್ರೊವೊಸ್ಟ್, ಎಂದರೆ ಮುಖ್ಯಸ್ಥ.

ಮಧ್ಯಯುಗದ ಮಠ ಎಂದಕೂಡಲೇ ನಮ್ಮ ಕಣ್ಣಮುಂದೆ ಎರಡು ಚಿತ್ರ ಬರುತ್ತವೆ. ಒಂದು, ಲೋಕಕ್ಕೆ ಬೆನ್ನು ತಿರುಗಿಸಿದ ತಪಸ್ವಿ. ಇನ್ನೊಂದು, ದ್ರಾಕ್ಷಾರಸ ಕುಡಿದು ಕೊಬ್ಬಿದ ಪಾದ್ರಿ. ಕಾದಂಬರಿ, ಸಿನಿಮಾ ಎರಡೂ ಈ ಇಬ್ಬರನ್ನೇ ತಿರುಗಾಮುರುಗಾ ತೋರಿಸುತ್ತವೆ. ಒಟ್ಟೊ ಇಬ್ಬರಲ್ಲಿ ಯಾರೂ ಅಲ್ಲ. ಕುಲೀನತನಕ್ಕೆ ಎಳ್ಳುನೀರು ಬಿಟ್ಟೆ ಎಂದು ಹೊರಟವನು ಅದನ್ನು ಹಾಗೇ ಮಠದೊಳಕ್ಕೆ ತಂದು ಮಠದ ಆಸ್ತಿಯಾಗಿ ಮಾಡಿದ. ಈ ಮಾತು ತಲೆಯಲ್ಲಿದ್ದರೆ ಮುಂದಿನ ಗಂಟುಗಳನ್ನು ಬಿಡಿಸುವುದು ಸುಲಭ.

ತಪ್ಪು ಕಲ್ಪನೆ: ಪಾಲು ಸಿಗದ ಕಿರಿಯ ಮಕ್ಕಳನ್ನು ಮಠಕ್ಕೆ ದೂಡುತ್ತಿದ್ದರು.

ಈ ಮಾತು ಪೂರಾ ಸುಳ್ಳಲ್ಲ. ದೊಡ್ಡ ಮನೆತನಗಳು ಆಸ್ತಿ ಹರಿದು ಹಂಚಿಹೋಗದಂತೆ ಒಬ್ಬಿಬ್ಬರು ಗಂಡುಮಕ್ಕಳನ್ನು ಚರ್ಚಿಗೆ ಬಿಡುತ್ತಿದ್ದುದುಂಟು. ಆದರೆ ಕಾಪೆನ್‌ಬೆರ್ಗಿನಲ್ಲಿ ಆದದ್ದು ಅದರ ತದ್ವಿರುದ್ಧ. ಮೊದಲು ಹೊರಟವನು ಹಿರಿಯಣ್ಣ ಗಾಟ್‌ಫ್ರೀಡ್. ಮನೆತನದ ಯಜಮಾನ, ಮದುವೆಯಾದವನು, ವಯಸ್ಸು ಇಪ್ಪತ್ತೈದರ ಆಜುಬಾಜು. ಕ್ಸಾಂಟೆನ್ನಿನ ನಾರ್ಬರ್ಟ್ ಎಂಬ ಸಂಚಾರಿ ಉಪದೇಶಕನ ಮಾತಿಗೆ ಮನಸೋತು, 1122ರಲ್ಲಿ ಕೋಟೆಯನ್ನೇ ಅವನ ಹೊಸ ಪಂಥಕ್ಕೆ ಬರೆದುಕೊಟ್ಟ. ನಾರ್ಬರ್ಟ್ ಕೂಡ ಕುಲೀನರ ಮನೆಯವನೇ; ಫ್ರಾನ್ಸಿನ ಲಾನ್ ಊರಿನ ಹತ್ತಿರದ ಪ್ರೆಮೊಂತ್ರೆ ಕಣಿವೆಯಲ್ಲಿ ಎರಡು ವರ್ಷದ ಹಿಂದಷ್ಟೇ ಮೊದಲ ಮಠ ಕಟ್ಟಿದ್ದ. ಜರ್ಮನ್ ನಾಡಿನಲ್ಲಿ ಆ ಪಂಥಕ್ಕೆ ಸಿಕ್ಕ ಮೊದಲ ನೆಲೆಯೇ ಕಾಪೆನ್‌ಬೆರ್ಗ್. ಅಣ್ಣತಮ್ಮಂದಿರು ಅಲ್ಲಿಗೂ ನಿಲ್ಲಿಸಲಿಲ್ಲ. ವೆಸ್ಟ್‌ಫೇಲಿಯಾದ ವಾರ್ಲಾರ್‌ನಲ್ಲಿ ಒಂದು, ದಕ್ಷಿಣದ ವೆಟೆರೌ ಸೀಮೆಯ ಇಲ್ಬೆನ್‌ಸ್ಟಾಟ್‌ನಲ್ಲಿ ಇನ್ನೊಂದು ಮಠಕ್ಕೂ ಜಮೀನು ಕೊಟ್ಟರು. ಸ್ವಾಬಿಯಾದಲ್ಲಿದ್ದ ಆಸ್ತಿ ಅಲ್ಲಿನ ಡ್ಯೂಕ್ ಫ್ರೀಡ್ರಿಕ್‌ನ ಕೈಸೇರಿತು. ಈ ಡ್ಯೂಕನೇ ಬಟ್ಟಲಿನ ಕೂಸಿನ ಅಪ್ಪ. ಹೀಗಾಗಿ ದೀಕ್ಷಾಸ್ನಾನದ ನಂಟು ಬರೀ ಭಕ್ತಿಯ ನಂಟಲ್ಲ, ಜಮೀನಿನ ನಂಟೂ ಹೌದು.

ದಾಯಾದಿ ಜಗಳ ತಪ್ಪಿಸಲು ಒಬ್ಬನನ್ನು ಮಠಕ್ಕೆ ಕಳಿಸುವುದು ಬೇರೆ, ಮನೆಗೇ ಬೀಗ ಹಾಕಿ ಎಲ್ಲರೂ ಹೊರಡುವುದು ಬೇರೆ. ಕಿರಿಯವನಾದ ಒಟ್ಟೊ ಮೊದಮೊದಲು ಇದಕ್ಕೆ ಒಪ್ಪಲೇ ಇಲ್ಲ ಎಂದು ಗಾಟ್‌ಫ್ರೀಡ್‌ನ ಜೀವನಚರಿತ್ರೆ ಹೇಳುತ್ತದೆ. ಆ ಲ್ಯಾಟಿನ್ ಜೀವನಚರಿತ್ರೆಯನ್ನು 12ನೇ ಶತಮಾನದ ಮಧ್ಯಭಾಗದಲ್ಲಿ, ಒಟ್ಟೊ ಬದುಕಿದ್ದಾಗಲೇ, ಕಾಪೆನ್‌ಬೆರ್ಗ್ ಮಠದ ಬಳಗದಲ್ಲೇ ಬರೆದದ್ದು. ತಾನು ಹಿಂದೇಟು ಹಾಕಿದ್ದನ್ನು ಆತ ಮುಚ್ಚಿಡಲಿಲ್ಲ ಎಂಬುದೊಂದು ಸ್ವಾರಸ್ಯ.

ತಪ್ಪು ಕಲ್ಪನೆ: ಕೆಥೆಡ್ರಲ್ ಸುಟ್ಟ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಮಠ ಸೇರಿದರು.

ಕಥೆ ಹೇಳುವವರಿಗೆ ಇದು ಬಲು ಇಷ್ಟ. 1121ರ ಫೆಬ್ರವರಿಯಲ್ಲಿ ಸ್ಯಾಕ್ಸನಿಯ ಡ್ಯೂಕ್ ಲೊಥಾರ್ ಮ್ಯೂನ್‌ಸ್ಟರ್ ನಗರದ ಮೇಲೆ ದಂಡೆತ್ತಿ ಹೋದ. ಚಕ್ರವರ್ತಿ ಐದನೇ ಹೆನ್ರಿಯ ಕಡೆಯವರ ಹಿಡಿತದಲ್ಲಿದ್ದ ಆ ಊರಿಗೆ, ಹೊರದಬ್ಬಿಸಿಕೊಂಡಿದ್ದ ಬಿಷಪ್ ಡೀಟ್ರಿಶ್‌ನನ್ನು ಮರಳಿ ಕೂರಿಸುವುದು ಉದ್ದೇಶ. ಕಾಪೆನ್‌ಬೆರ್ಗ್ ಅಣ್ಣತಮ್ಮಂದಿರು ಲೊಥಾರನ ಪಾಳೆಯದಲ್ಲಿದ್ದರು. ಕಾದಾಟದಲ್ಲಿ ಊರಿಗೆ ಬೆಂಕಿ ಬಿತ್ತು, ಕೆಥೆಡ್ರಲ್ ಉರಿದುಹೋಯಿತು. ಮರುವರ್ಷವೇ ಮಠ. ಎರಡನ್ನೂ ಜೋಡಿಸಿಬಿಟ್ಟರೆ ಕಥೆ ಸಿದ್ಧ.

ಪಶ್ಚಾತ್ತಾಪ ಇರಲಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ದೇವರ ಮನೆ ತಮ್ಮ ಕಣ್ಣೆದುರೇ ಉರಿದದ್ದು ಆ ಕಾಲದ ಮನಸ್ಸುಗಳನ್ನು ಅಲ್ಲಾಡಿಸದೆ ಇದ್ದೀತೆ? ಆದರೆ ಅದೊಂದೇ ಕಾರಣ ಎಂದರೆ ಕಾಲದ ರಾಜಕೀಯ ಮರೆತಂತೆ. ಬಿಷಪ್ಪರನ್ನು ನೇಮಿಸುವ ಹಕ್ಕು ಪೋಪನದೋ ಚಕ್ರವರ್ತಿಯದೋ ಎಂಬ ಜಗಳ ಆಗ ಅರ್ಧ ಶತಮಾನ ಹಳೆಯದು. 1122ರ ಸೆಪ್ಟೆಂಬರಿನ ವರ್ಮ್ಸ್ ಒಪ್ಪಂದದವರೆಗೂ ಅದು ತಣಿಯಲಿಲ್ಲ. ಚಕ್ರವರ್ತಿಯ ವಿರುದ್ಧ ಕತ್ತಿ ಹಿರಿದ ಕೌಂಟ್‌ನ ಆಸ್ತಿಗೆ ಅಪಾಯ ತಪ್ಪಿದ್ದಲ್ಲ. ಕೌಂಟ್‌ನ ಕೋಟೆಯನ್ನು ಕಿತ್ತುಕೊಳ್ಳಬಹುದು. ಅದೇ ಕೋಟೆ ದೇವರ ಹೆಸರಿಗಾದರೆ ಕೈ ಹಾಕಲು ಎಂಥವನೂ ಎರಡು ಸಲ ಯೋಚಿಸುತ್ತಾನೆ. ಭಕ್ತಿ, ಭಯ, ಲೆಕ್ಕಾಚಾರ ಮೂರೂ ಒಂದೇ ಎದೆಯಲ್ಲಿ ಇರಬಹುದು. ಮಧ್ಯಯುಗದವರಿಗೆ ಅದರಲ್ಲಿ ವಿರೋಧ ಕಾಣುತ್ತಿರಲಿಲ್ಲ, ಕಾಣುವುದು ನಮಗೆ.

ತಪ್ಪು ಕಲ್ಪನೆ: ಗಂಡಸು ತೀರ್ಮಾನಿಸಿದ, ಹೆಂಡತಿ ಸುಮ್ಮನೆ ಹಿಂಬಾಲಿಸಿದಳು.

ಚರ್ಚಿನ ಕಾನೂನಿನ ಪ್ರಕಾರ ಮದುವೆಯಾದವನು ಹೆಂಡತಿಯ ಒಪ್ಪಿಗೆಯಿಲ್ಲದೆ ಮಠ ಸೇರುವಂತಿರಲಿಲ್ಲ. ಗಾಟ್‌ಫ್ರೀಡ್‌ನ ಹೆಂಡತಿ ಯುಟ್ಟಾ ಆರ್ನ್ಸ್‌ಬೆರ್ಗಿನ ಕೌಂಟ್ ಫ್ರೀಡ್ರಿಕ್‌ನ ಮಗಳು. ಅವಳ ಒಪ್ಪಿಗೆಯೂ ಸಲೀಸಾಗಿ ಸಿಗಲಿಲ್ಲ. ಕೊನೆಗೆ ಆಕೆಯೂ ಕನ್ಯಾಸ್ತ್ರೀಯರ ಮುಸುಕು ಹಾಕಿಕೊಂಡಳು. ಆಗ ಕೆರಳಿದ್ದು ಮಾವ. ಅಳಿಯನೂ ಹೋದ, ಮಗಳೂ ಹೋದಳು, ಮೊಮ್ಮಕ್ಕಳ ಆಸೆಯೂ ಹೋಯಿತು, ಎಲ್ಲಕ್ಕಿಂತ ಮುಖ್ಯವಾಗಿ ಕಾಪೆನ್‌ಬೆರ್ಗ್ ಕೋಟೆ ಕೈತಪ್ಪಿತು. ನಾರ್ಬರ್ಟ್ ಕೈಗೆ ಸಿಕ್ಕರೆ ಅವನನ್ನೂ ಅವನ ಕತ್ತೆಯನ್ನೂ ಒಂದೇ ತೊಲೆಗೆ ನೇತುಹಾಕಿ ಯಾರು ಹೆಚ್ಚು ತೂಗುತ್ತಾರೆ ನೋಡುತ್ತೇನೆ ಎಂದು ಗುಡುಗಿದನಂತೆ. ಸಂತರ ಕಥೆಗಳಲ್ಲಿ ಬರುವ ಮಾತು, ಉಪ್ಪು ಖಾರ ಸೇರಿದ್ದೀತು. ಆದರೆ ಅದರ ಹಿಂದಿನ ಸಿಟ್ಟು ಹುಸಿಯಲ್ಲ. ಕುಲೀನರ ಮದುವೆ ಎರಡು ಆಸ್ತಿಗಳ ನಡುವಿನ ಕರಾರು. ಒಬ್ಬ ಸನ್ಯಾಸ ತೆಗೆದುಕೊಂಡರೆ ಕರಾರು ಮುರಿದಂತೆ. 1124ರಲ್ಲಿ ಆ ಮಾವ ಸತ್ತ ಮೇಲೇ ಮಠದವರು ನೆಮ್ಮದಿಯ ಉಸಿರು ಬಿಟ್ಟದ್ದು.

ತಪ್ಪು ಕಲ್ಪನೆ: ಜಾಗ ಕೊಟ್ಟ ಕುಲೀನನೇ ಮಠದ ಯಜಮಾನನೂ ಆಗುತ್ತಿದ್ದ.

ಆಗುತ್ತಿದ್ದದ್ದುಂಟು. ಅದಕ್ಕೆ ಒಳ್ಳೆಯ ಉದಾಹರಣೆ ಇನ್ನೊಬ್ಬ ಒಟ್ಟೊ. ಆಸ್ಟ್ರಿಯಾದ ಮಾರ್ಗ್ರೇವ್ ಮೂರನೇ ಲಿಯೋಪೋಲ್ಡ್‌ನ ಮಗ, ಬಾರ್ಬರೋಸಾನ ಚಿಕ್ಕಪ್ಪ. ವಿಯೆನ್ನಾದ ಹತ್ತಿರ ಅಪ್ಪ ಕಟ್ಟಿಸಿದ ಕ್ಲೋಸ್ಟರ್‌ನೊಯಿಬುರ್ಗ್‌ಗೆ ಮೀಸೆ ಮೂಡುವ ಮೊದಲೇ ಪ್ರೊವೊಸ್ಟ್ ಆದ. ಆದವನು ಪ್ಯಾರಿಸ್ಸಿಗೆ ಓದಲು ಹೋದ. ಹುದ್ದೆ ಒಂದು ಕಡೆ, ಹುಡುಗ ಇನ್ನೊಂದು ಕಡೆ, ಆದಾಯ ಮಾತ್ರ ಹುಡುಗನ ಕಡೆ. ಮುಂದೆ ಆತ ಎಲ್ಲವನ್ನೂ ಬಿಟ್ಟು ಸಿಸ್ಟರ್ಶಿಯನ್ ಪಂಥ ಸೇರಿದ, 1138ರಲ್ಲಿ ಫ್ರೈಸಿಂಗಿನ ಬಿಷಪ್ ಆದ, ಆ ಕಾಲದ ಅತಿದೊಡ್ಡ ಇತಿಹಾಸಕಾರನಾದ. ಆದರೆ ಹರೆಯದಲ್ಲಿ ಸಿಕ್ಕಿದ ಆ ಹುದ್ದೆ ಅಪ್ಪನ ಮನೆಯ ಉಡುಗೊರೆ, ಅಷ್ಟೆ.

ನಮ್ಮ ಒಟ್ಟೊನ ಲೆಕ್ಕ ಬೇರೆ. ಮಠಕ್ಕೆ ನೆಲ ಕೊಟ್ಟದ್ದು 1122ರಲ್ಲಿ, ಪ್ರೊವೊಸ್ಟ್ ಆದದ್ದು 1156ರಲ್ಲಿ. ನಡುವೆ 34 ವರ್ಷ. ತಾನು ಹುಟ್ಟಿ ಬೆಳೆದ ಗುಡ್ಡದ ಮೇಲೆ, ತಾನೇ ದಾನ ಕೊಟ್ಟ ಮಠದಲ್ಲಿ, ಇನ್ನೊಬ್ಬರ ಅಪ್ಪಣೆಯಂತೆ ನಡೆದವನು. ಅಣ್ಣನಂತೂ ಆ ಹುದ್ದೆಯ ಹತ್ತಿರಕ್ಕೂ ಬರಲಿಲ್ಲ; 1127ರ ಜನವರಿ 13ರಂದು, ಮೂವತ್ತು ವರ್ಷದ ಆಸುಪಾಸಿನಲ್ಲೇ, ಇಲ್ಬೆನ್‌ಸ್ಟಾಟ್‌ನಲ್ಲಿ ತೀರಿಕೊಂಡ. ಒಟ್ಟೊ ಪ್ರೊವೊಸ್ಟ್ ಆದದ್ದು ಬಾರ್ಬರೋಸಾ ಚಕ್ರವರ್ತಿಯಾದ ಮರುವರ್ಷ. ಕಾಕತಾಳೀಯ ಇರಬಹುದು. ಆದರೆ ಹೊಸ ಚಕ್ರವರ್ತಿಯ ಧರ್ಮಪಿತ ತಮ್ಮೊಳಗೇ ಒಬ್ಬನಿದ್ದಾಗ ಮಠದವರು ಬೇರೆಯವರನ್ನು ಹುಡುಕಿಕೊಂಡು ಹೋಗಬೇಕಿತ್ತೇ ಎಂದು ನನಗನ್ನಿಸುತ್ತದೆ.

ತಪ್ಪು ಕಲ್ಪನೆ: ಪ್ರೊವೊಸ್ಟ್ ಎಂದರೆ ದಿನವಿಡೀ ಪ್ರಾರ್ಥನೆಯಲ್ಲಿ ಮುಳುಗಿದ ಸನ್ಯಾಸಿ.

ಮೊದಲನೆಯದಾಗಿ ಪ್ರೆಮೊಂತ್ರೆ ಪಂಥದವರು ಕಟ್ಟುನಿಟ್ಟಾಗಿ ಹೇಳಿದರೆ ಸನ್ಯಾಸಿಗಳೇ ಅಲ್ಲ. ಅವರು ಕ್ಯಾನನ್‌ಗಳು, ಸಂತ ಅಗಸ್ಟಿನನ ನಿಯಮದಂತೆ ಒಟ್ಟಾಗಿ ಬದುಕುವ ಪಾದ್ರಿಗಳ ಸಮುದಾಯ. ಬಿಳಿಯ ಉಣ್ಣೆಯ ನಿಲುವಂಗಿ, ಸ್ವಂತಕ್ಕೆ ಬಿಡಿಗಾಸೂ ಇಲ್ಲ, ಹಗಲೂ ರಾತ್ರಿ ಹೊತ್ತುಹೊತ್ತಿಗೆ ಸಾಮೂಹಿಕ ಪ್ರಾರ್ಥನೆ, ಇಷ್ಟೆಲ್ಲ ಸನ್ಯಾಸಿಗಳಂತೆಯೇ. ಆದರೆ ಊರವರಿಗೆ ಉಪದೇಶ ಮಾಡುವುದು, ಚರ್ಚು ನಡೆಸುವುದು ಕೂಡ ಅವರ ಕೆಲಸ. ಈ ಪಂಥದ ಬೇರೆ ಕಡೆಯ ಮಠಗಳಿಗೆ ಆಬಟ್ ಮುಖ್ಯಸ್ಥ. ವೆಸ್ಟ್‌ಫೇಲಿಯಾ, ಸ್ಯಾಕ್ಸನಿಗಳಲ್ಲಿ ಪ್ರೊವೊಸ್ಟ್.

ಆ ಹುದ್ದೆಯ ದಿನಚರಿ ಬಹುಪಾಲು ಶಾನುಭೋಗಿಕೆ. ಮಠದ ಜಮೀನು ಒಂದೇ ಕಡೆ ಇರುವುದಿಲ್ಲ. ಇಲ್ಲೊಂದು ಹೊಲಮನೆ, ಎರಡು ದಿನದ ದಾರಿಯಾಚೆ ಇನ್ನೊಂದು, ಎಲ್ಲೋ ಒಂದು ಗಿರಣಿ, ಮತ್ತೆಲ್ಲೋ ಊರಿನ ದಶಾಂಶದ ಹಕ್ಕು. ಪ್ರತಿ ಹೊಲಮನೆಗೂ ಒಬ್ಬ ಮೇಸ್ತ್ರಿ. ಒಕ್ಕಲು ಮಕ್ಕಳು ಧಾನ್ಯ, ಹಂದಿ, ಮೊಟ್ಟೆ, ಒಂದಿಷ್ಟು ನಾಣ್ಯ ತಂದುಕೊಡಬೇಕು. ಯಾರು ತಂದರು, ಯಾರು ತರಲಿಲ್ಲ, ಗದ್ದೆಯ ಬದು ಯಾರು ಒತ್ತಿದರು, ಸತ್ತವನ ಹೆಸರಿನ ದಾನಪತ್ರ ನಿಜವೋ ಅಲ್ಲವೋ ಎಂಬ ವ್ಯಾಜ್ಯ ಬಗೆಹರಿಯುವುದು ಪ್ರೊವೊಸ್ಟ್‌ನ ಮುಂದೆ. ಇದರ ಮೇಲೆ ಫೋಗ್ಟ್ ಎಂಬ ತಲೆನೋವು. ಪಾದ್ರಿಗಳು ರಕ್ತದ ಶಿಕ್ಷೆ ಕೊಡುವಂತಿಲ್ಲ, ಕತ್ತಿ ಹಿಡಿಯುವಂತಿಲ್ಲ. ಹಾಗಾಗಿ ಮಠದ ಪರವಾಗಿ ನ್ಯಾಯ ನಡೆಸಲು, ರಕ್ಷಣೆ ಕೊಡಲು ಒಬ್ಬ ಕುಲೀನ ಗೃಹಸ್ಥ ಬೇಕು. ಅವನೇ ಫೋಗ್ಟ್. ಅನೇಕ ಕಡೆ ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ದಾಖಲೆಗಳು ಬೇಕಾದಷ್ಟಿವೆ. ಇಂಥವನ ಎದುರು ಕೂತು ಮಾತಾಡಲು ಕೌಂಟ್ ಮನೆತನದಲ್ಲಿ ಹುಟ್ಟಿದ ಪ್ರೊವೊಸ್ಟ್‌ಗೆ ಇದ್ದ ಅನುಕೂಲ ಒಕ್ಕಲಿನ ಮಗನಾದ ಪ್ರೊವೊಸ್ಟ್‌ಗೆ ಇರಲು ಸಾಧ್ಯವಿಲ್ಲ. ಇಬ್ಬರೂ ಒಂದೇ ತರದ ಅಂಗಳದಲ್ಲಿ ಕುದುರೆ ಏರುವುದನ್ನು ಕಲಿತವರು.

ರಾಜಕೀಯವೂ ಬಾಗಿಲು ಬಡಿಯುತ್ತಿತ್ತು. 1159ರಲ್ಲಿ ಇಬ್ಬರು ಪೋಪರಾದರು. ಬಾರ್ಬರೋಸಾ ಒಬ್ಬನ ಪರ, ಯುರೋಪಿನ ಬಹುಭಾಗ ಇನ್ನೊಬ್ಬನ ಪರ. ಒಡಕು ಮುಗಿದದ್ದು 1177ರಲ್ಲಿ, ವೆನಿಸ್ಸಿನಲ್ಲಿ. ಒಟ್ಟೊ ಪ್ರೊವೊಸ್ಟ್ ಆಗಿದ್ದ ಕಾಲದ ಬಹುಪಾಲು ಈ ಒಡಕಿನೊಳಗೇ ಕಳೆಯಿತು. ಧರ್ಮಪುತ್ರನ ಕಡೆ ವಾಲಿದರೆ ಒಂದು ಕಷ್ಟ, ವಾಲದಿದ್ದರೆ ಇನ್ನೊಂದು.

ತಪ್ಪು ಕಲ್ಪನೆ: ಬಡತನದ ವ್ರತ ತೊಟ್ಟವರ ಬಳಿ ಚಿನ್ನ ಬೆಳ್ಳಿ ಇದ್ದರೆ ಅದು ಬೂಟಾಟಿಕೆ.

ಒಟ್ಟೊ ಹೊರಡಿಸಿದ ಒಂದು ದಾನಪತ್ರ ಉಳಿದುಬಂದಿದೆ. ತಾನು ಸಂತ ಯೋಹಾನನ ಶಿಲುಬೆ ಎಂದು ಕರೆಯುತ್ತಿದ್ದ ಚಿನ್ನದ ಶಿಲುಬೆ, ಚಕ್ರವರ್ತಿಯ ರೂಪದಲ್ಲಿ ಮಾಡಿದ ಬೆಳ್ಳಿಯ ತಲೆ, ಅದರ ಜೊತೆಗಿನ ಬೆಳ್ಳಿ ಬಟ್ಟಲು, ಇವನ್ನು ಮಠಕ್ಕೆ ಕೊಡುತ್ತಿದ್ದೇನೆ ಎಂಬುದು ಅದರ ಸಾರ. ಬಟ್ಟಲಿನ ಮೇಲಿನ ಬರಹವೂ ಇದನ್ನೇ ಹೇಳುತ್ತದೆ: ಚಕ್ರವರ್ತಿ ಧರ್ಮಪಿತನಿಗೆ ಕೊಟ್ಟ, ಧರ್ಮಪಿತ ದೇವರಿಗೆ ಕೊಟ್ಟ. ವ್ರತ ಇದ್ದದ್ದು ವ್ಯಕ್ತಿಗೆ, ಮಠಕ್ಕಲ್ಲ. ನನ್ನದು ಎಂಬ ಸಣ್ಣ ಚೂರಿಯೂ ಕ್ಯಾನನ್ ಬಳಿ ಇರಕೂಡದು. ದೇವಪೀಠಕ್ಕೆ ಎಷ್ಟು ಚಿನ್ನ ಇದ್ದರೂ ಅಡ್ಡಿಯಿಲ್ಲ. ಈ ವಾದ ಆ ಕಾಲದಲ್ಲೇ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಕ್ಲೆರ್ವೋದ ಬರ್ನಾರ್ಡ್ ಚರ್ಚುಗಳ ಥಳಕನ್ನು ಉಗಿದು ಉಪ್ಪಿನಕಾಯಿ ಹಾಕಿದ್ದ. ನನಗೆ ಕುತೂಹಲದ್ದೆನಿಸುವುದು ಬೇರೆ: 1122ರಲ್ಲಿ ಕೋಟೆಯನ್ನೇ ಬಿಟ್ಟುಕೊಟ್ಟವನು ಈ ಕೆಲವು ವಸ್ತುಗಳನ್ನು ಇಳಿವಯಸ್ಸಿನವರೆಗೂ ಬೇರೆಯಾಗಿ ಎಣಿಸಿಕೊಂಡಿದ್ದ, ಶಿಲುಬೆಗಂತೂ ತಾನೇ ಒಂದು ಹೆಸರಿಟ್ಟುಕೊಂಡಿದ್ದ.

ತಪ್ಪು ಕಲ್ಪನೆ: ಕಾಪೆನ್‌ಬೆರ್ಗಿನ ಚಿನ್ನದ ತಲೆ ಬಾರ್ಬರೋಸಾನ ಭಾವಚಿತ್ರ.

ಜರ್ಮನಿಯ ಪಠ್ಯಪುಸ್ತಕಗಳಲ್ಲಿ ಹಲವು ತಲೆಮಾರು ನೋಡಿದ ಮುಖ ಇದು. ಸುಮಾರು ಒಂದಡಿ ಎತ್ತರದ, ಚಿನ್ನದ ನೀರು ಕೊಟ್ಟ ಕಂಚಿನ ತಲೆ. ಸಾಲುಸಾಲಾದ ಗುಂಗುರು ಕೂದಲು, ಒಪ್ಪವಾಗಿ ಕತ್ತರಿಸಿದ ಗಡ್ಡ, ಎದುರಿಗಿದ್ದವರನ್ನು ದಾಟಿ ನೋಡುವ ಕಣ್ಣು. ಕೆಳಗೆ ಕೋಟೆಯ ತೆನೆಗಳಿರುವ ಪೀಠ, ಅದರ ಮೇಲೆ ಮಂಡಿಯೂರಿದ ದೇವದೂತರು. ಮಧ್ಯಯುಗದ ಯುರೋಪಿನಲ್ಲಿ ಒಬ್ಬ ರಾಜನ ನಿಜವಾದ ಮುಖ ತೋರಿಸುವ ಮೊದಲ ಶಿಲ್ಪ ಎಂದು ಇದನ್ನು ಹೊಗಳಿದವರಿಗೆ ಲೆಕ್ಕವಿಲ್ಲ.

ಈ ಗುರುತು ಹಳೆಯದಲ್ಲ, 1886ರದ್ದು. ಫ್ರೀಡ್ರಿಕ್ ಫಿಲಿಪ್ಪಿ ಎಂಬ ವಿದ್ವಾಂಸ ಆ ವರ್ಷ ಒಟ್ಟೊನ ದಾನಪತ್ರವನ್ನೂ ಈ ತಲೆಯನ್ನೂ ಪಕ್ಕಪಕ್ಕ ಇಟ್ಟು, ಪತ್ರದಲ್ಲಿ ಹೇಳಿರುವ ಚಕ್ರವರ್ತಿಯ ತಲೆ ಇದೇ ಎಂದ. ಅಲ್ಲಿಯವರೆಗೆ ಇದು ಸುವಾರ್ತಾಕಾರ ಯೋಹಾನನ ಅವಶೇಷವಿಟ್ಟ ಪೆಟ್ಟಿಗೆ. ಕಾಪೆನ್‌ಬೆರ್ಗ್ ಚರ್ಚು ಆ ಸಂತನ ಹೆಸರಿನದೇ. 1871ರಲ್ಲಷ್ಟೇ ಜರ್ಮನಿ ಒಂದಾಗಿತ್ತು. ಬಾರ್ಬರೋಸಾ ಕಿಫ್‌ಹೊಯ್ಸರ್ ಬೆಟ್ಟದೊಳಗೆ ಮಲಗಿದ್ದಾನೆ, ಎದ್ದು ಬರುತ್ತಾನೆ ಎಂಬ ಕಥೆ ಮನೆಮನೆಯಲ್ಲಿ ಓಡಾಡುತ್ತಿತ್ತು. ಆ ಬೆಟ್ಟದ ಮೇಲೆ 1896ರಲ್ಲಿ ಬೃಹತ್ ಸ್ಮಾರಕವೂ ಎದ್ದಿತು. ಅಂಥ ಹೊತ್ತಿನಲ್ಲಿ ಚಕ್ರವರ್ತಿಯ ಮುಖವೇ ಸಿಕ್ಕಿತೆಂದರೆ ಬೇಡ ಎನ್ನುವವರು ಯಾರು?

ತಲೆಯನ್ನೇ ಹತ್ತಿರದಿಂದ ನೋಡಿದರೆ ತೊಡಕು ಶುರು. ಪತ್ರ ಹೇಳುವುದು ಬೆಳ್ಳಿಯ ತಲೆ; ಇದು ಕಂಚು. ತಲೆಯ ಮೇಲೆ ಕೊರೆದ ಸಾಲುಗಳಲ್ಲಿ ಚಕ್ರವರ್ತಿಯ ಸುದ್ದಿಯೇ ಇಲ್ಲ. ಒಳಗಿರುವುದು ಯೋಹಾನನ ಕೂದಲು ಎನ್ನುತ್ತವೆ, ಯೋಹಾನನನ್ನೇ ಕರೆದು, ಕೊಟ್ಟವನಾದ ಒಟ್ಟೊನಿಗಾಗಿ ಬೇಡಿಕೊ ಎನ್ನುತ್ತವೆ. ಇನ್ನು ಮುಖಚಹರೆ. ಆ ಕಾಲದ ಚರಿತ್ರೆಕಾರ ರಾಹೆವಿನ್ ಬಾರ್ಬರೋಸಾನ ಗುಂಗುರು ಕೂದಲನ್ನು ವರ್ಣಿಸಿದ್ದಾನಲ್ಲ, ಹೊಂದುತ್ತದಲ್ಲ ಎನ್ನುತ್ತಾರೆ. ಆದರೆ ರಾಹೆವಿನ್ ಆ ವರ್ಣನೆಯ ದೊಡ್ಡ ಪಾಲನ್ನು 5ನೇ ಶತಮಾನದ ಸಿಡೋನಿಯಸ್ ಅಪೊಲಿನಾರಿಸ್ ಎಂಬಾತ ಗಾಥ್ ರಾಜನೊಬ್ಬನ ಬಗ್ಗೆ ಬರೆದದ್ದರಿಂದ ಎತ್ತಿಕೊಂಡಿದ್ದ. ಗಾಥ್ ರಾಜನ ಕೂದಲು ಹಿಡಿದು ಜರ್ಮನ್ ಚಕ್ರವರ್ತಿಯನ್ನು ಗುರುತಿಸಿದ ಹಾಗಾಯಿತು.

ಬಾರ್ಬರೋಸಾನ ಜೀವನಚರಿತ್ರೆ ಬರೆದ ಕ್ನೂಟ್ ಗೋರಿಶ್ ಮತ್ತು ಜೊತೆಯವರು ಈಚಿನ ವರ್ಷಗಳಲ್ಲಿ ಈ ಗುರುತನ್ನೇ ತಳ್ಳಿಹಾಕಿದ್ದಾರೆ. ಅವರ ಪ್ರಕಾರ ಇದು ಮೊದಲಿನಿಂದಲೂ ಯೋಹಾನನ ತಲೆಯೇ. ಹಳೆಯ ಅಭಿಪ್ರಾಯ ಬಿಡದವರೂ ಇದ್ದಾರೆ. ಚಕ್ರವರ್ತಿಯ ರೂಪದ ತಲೆಯನ್ನೇ ಒಟ್ಟೊ ಸಂತನ ಅವಶೇಷಕ್ಕೆ ಬಳಸಿಕೊಂಡಿರಬಹುದು ಎಂಬುದು ಅವರ ವಾದ. ನನಗೆ ಗೋರಿಶ್ ಹೇಳುವುದೇ ಸರಿ ಎನಿಸುತ್ತದೆ, ಯಾಕೆಂದರೆ ತಲೆ ತನ್ನ ಬಾಯಿಂದಲೇ ತಾನು ಯಾರೆಂದು ಹೇಳುತ್ತಿದೆ. ಅದರಲ್ಲಿ ನಿಶ್ಚಯವಾಗಿ ಸಿಗುವ ಮನುಷ್ಯ ಒಬ್ಬನೇ, ದಾನಿ ಒಟ್ಟೊ. ಎಲ್ಲರೂ ಚಕ್ರವರ್ತಿಯನ್ನೇ ಹುಡುಕಿದ್ದರಿಂದ ಅವನ ಕಡೆ ಯಾರಿಗೂ ಲಕ್ಷ್ಯವಿರಲಿಲ್ಲ.

ಮನೆತನದ್ದನ್ನು ಮಠದೊಳಕ್ಕೆ ತರುವ ಒಟ್ಟೊನ ರೀತಿ ಅಣ್ಣನ ವಿಷಯದಲ್ಲೂ ಕಾಣುತ್ತದೆ. ಗಾಟ್‌ಫ್ರೀಡ್‌ನನ್ನು ಹೂತದ್ದು ಇಲ್ಬೆನ್‌ಸ್ಟಾಟ್‌ನಲ್ಲಿ. 1149ರಲ್ಲಿ ಅವನ ಅಸ್ಥಿಯ ಒಂದು ಪಾಲು ಕಾಪೆನ್‌ಬೆರ್ಗಿಗೆ ಬಂತು, ತಂದವನು ತಮ್ಮ. ಮನೆತನದಲ್ಲಿ ಮುಂದೆ ಗಂಡುಸಂತಾನವಿಲ್ಲ. ಆದರೆ ಮನೆತನದ ಸಂತ ಮನೆತನದ ಗುಡ್ಡಕ್ಕೆ ಮರಳಿದ. 14ನೇ ಶತಮಾನದ ಆರಂಭದಲ್ಲಿ ಕೆತ್ತಿದ ಕಲ್ಲಿನ ಸ್ಮಾರಕದಲ್ಲಿ ಅಣ್ಣತಮ್ಮಂದಿರಿಬ್ಬರೂ ಚರ್ಚಿನ ಪುಟ್ಟ ಮಾದರಿ ಹಿಡಿದಿದ್ದಾರೆ. ಅಲ್ಲಿ ಅವರ ಮೈಮೇಲೆ ಇರುವುದು ಹರೆಯ, ಮಠದ ಮುಪ್ಪಲ್ಲ.

ತಪ್ಪು ಕಲ್ಪನೆ: ಇಂಥ ಮಠಗಳು ಮೊದಲಿನಿಂದಲೂ ಕುಲೀನರ ಮನೆ.

ಕೊಲೋನಿನ ಯಹೂದಿ ವ್ಯಾಪಾರಿ ಕುಟುಂಬದ ಹರ್ಮಾನ್ ಎಂಬ ಯುವಕ ಮ್ಯೂನ್‌ಸ್ಟರ್‌ನ ಬಿಷಪ್ ಎಕ್‌ಬರ್ಟ್‌ಗೆ ಅಡವಿಲ್ಲದೆ ಸಾಲ ಕೊಟ್ಟ. ಹಣ ಕೈಸೇರುವ ತನಕ ಬಿಷಪ್‌ನ ಬೆನ್ನು ಬಿಡಬೇಡ ಎಂದು ಮನೆಯವರು ಅವನನ್ನು ಕಳಿಸಿದರು. ಹಾಗೆ ಬೆನ್ನು ಹತ್ತಿದವನು 1120ರ ದಶಕದ ಕೊನೆಗೆ ಕಾಪೆನ್‌ಬೆರ್ಗನ್ನೂ ಕಂಡ. ಮೇಲಿನವರು, ಕೆಳಗಿನವರು, ಓದಿದವರು, ಓದದವರು ಎಲ್ಲ ತಲೆ ಬೋಳಿಸಿಕೊಂಡು ಒಟ್ಟಿಗೆ ಬದುಕುತ್ತಿದ್ದುದು ಅವನಿಗೆ ಬೆರಗಾಯಿತಂತೆ. ಮುಂದೆ ಕ್ರೈಸ್ತನಾಗಿ ಅದೇ ಮಠ ಸೇರಿದ ಎನ್ನುತ್ತದೆ ಅವನ ಆತ್ಮಕಥೆ. ಅದರಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಮಠ ತನ್ನನ್ನು ಹೇಗೆ ಕಾಣಲು ಬಯಸಿತ್ತು ಎಂಬುದಕ್ಕೆ ಅದು ಸಾಕ್ಷಿ.

ಆ ಬಾಗಿಲು ಆಮೇಲೆ ಮುಚ್ಚಿತು. ಮಧ್ಯಯುಗದ ಕೊನೆಯ ಹೊತ್ತಿಗೆ ಕಾಪೆನ್‌ಬೆರ್ಗಿಗೆ ಪ್ರವೇಶ ಕುಲೀನರ ಮಕ್ಕಳಿಗೆ ಮಾತ್ರ. ಮೊದಲು ಹೇಳಿದ ಕಿರಿಯ ಮಕ್ಕಳ ಕಥೆ ನಿಜವಾಗುವುದು ಈ ಘಟ್ಟದಲ್ಲಿ, ಒಟ್ಟೊ ಸತ್ತು ತಲೆಮಾರುಗಳು ಕಳೆದ ಮೇಲೆ. 1803ರಲ್ಲಿ ಮಠ ರದ್ದಾಯಿತು. 1816ರಲ್ಲಿ ಅದನ್ನು ಪಡೆದುಕೊಂಡವನು ಪ್ರಷ್ಯಾದ ಸುಧಾರಕ ಮಂತ್ರಿಯಾಗಿದ್ದ ಬ್ಯಾರನ್ ಫೊಮ್ ಶ್ಟೈನ್. 1831ರಲ್ಲಿ ಅಲ್ಲೇ ಕೊನೆಯುಸಿರೆಳೆದ. ಜರ್ಮನಿಯ ಮಧ್ಯಯುಗದ ಮೂಲಗ್ರಂಥಗಳನ್ನು ಶೋಧಿಸಿ ಅಚ್ಚು ಹಾಕಿಸುವ ಸಂಘವನ್ನು 1819ರಲ್ಲಿ ಕಟ್ಟಿದವನೂ ಇವನೇ. ಒಟ್ಟೊನ ಬಳಗ ಬರೆದ ಗಾಟ್‌ಫ್ರೀಡ್‌ನ ಜೀವನಚರಿತ್ರೆ ಆ ಸಂಘದ ಗ್ರಂಥಮಾಲೆಯಲ್ಲಿ 1856ರಲ್ಲಿ ಪ್ರಕಟವಾಯಿತು.